ಹೆಸರಿಲ್ಲದ ಜೀವಕ್ಕೆ ಹೆಸರಿಡುವ ಕಾಯಕ

ಮುಂಗಾರು ಕಾಲಿಟ್ಟಿತೆಂದರೆ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸಂಜೆ ದೀಪ ಹೊತ್ತಿದೊಡನೆ ಹುಳುಹುಪ್ಪಟೆಗಳ ಜಾತ್ರೆಯೇ ನೆರೆಯುತ್ತದೆ. ಗೋಳಗುಮ್ಮಟವನ್ನು ನೋಡಿ ಮರಳುವ ಪ್ರವಾಸಿಗರೂ ರೈಲಿಗೆ ಧಾವಿಸುವ ಪ್ರಯಾಣಿಕರೂ ಅವನ್ನು ಕೊಡವಿಕೊಂಡು ಮುಂದೆ ಸಾಗುತ್ತಾರೆ. ಅವುಗಳ ನಡುವೆ ಇರುವೆಯಂತೆ ನೀಳವಾದ ಮೈಯುಳ್ಳ, ಬೆದರಿಸಿದರೆ ಚೇಳಿನಂತೆ ಹಿಂಬದಿಯನ್ನು ಮೇಲೆತ್ತಿ ಓಡುವ ಒಂದು ಸಣ್ಣ ಜೀವಿ ಇರುವುದುಂಟು. ನೋಡಿದವರು ಅದನ್ನು ಇರುವೆಯೆಂದೇ ತಿಳಿಯುತ್ತಾರೆ. ವಾಸ್ತವವಾಗಿ ಅದು ಜೀರುಂಡೆಯ ಕುಲಕ್ಕೆ ಸೇರಿದುದು. ಇಂಗ್ಲಿಷಿನಲ್ಲಿ ಇವುಗಳನ್ನು ರೋವ್ ಬೀಟಲ್ ಎನ್ನುತ್ತಾರೆ. ಕನ್ನಡದಲ್ಲಿ ನಾವು ಮೋಟುರೆಕ್ಕೆಯ ಜೀರುಂಡೆ ಎಂದು ಕರೆಯಬಹುದು.

ಈ ಹೆಸರಿಗೆ ಕಾರಣವಿದೆ. ಇತರ ಜೀರುಂಡೆಗಳ ಬೆನ್ನನ್ನು ಗಟ್ಟಿಯಾದ ಮೇಲ್ರೆಕ್ಕೆಗಳು ಪೂರ್ತಿಯಾಗಿ ಮುಚ್ಚಿಕೊಂಡಿರುತ್ತವೆ. ಇವುಗಳಲ್ಲಾದರೋ ಆ ಕವಚವು ಮೋಟಾಗಿದ್ದು, ಹಿಂಬದಿಯ ಬಹುಭಾಗ ತೆರೆದೇ ಇರುತ್ತದೆ. ಹಾರುವ ರೆಕ್ಕೆಗಳು ಆ ಚಿಕ್ಕ ಕವಚದ ಕೆಳಗೆ ಮಡಿಕೆಮಡಿಕೆಯಾಗಿ ಅಡಗಿರುತ್ತವೆ. ಮೈ ಹೀಗೆ ಬಳುಕುವುದರಿಂದಲೇ ಎಲೆಗಳ ಸಂದಿಗೂ ಮಣ್ಣಿನ ಬಿರುಕಿಗೂ ಇವು ಸಲೀಸಾಗಿ ನುಸುಳುತ್ತವೆ. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದಿರುವ ಇವುಗಳ ಪ್ರಭೇದಗಳು 60,000ಕ್ಕೂ ಹೆಚ್ಚು. ಟಿಕೋಟಾ, ಬಬಲೇಶ್ವರ ಕಡೆಯ ರೈತರು ತಿಪ್ಪೆಯನ್ನು ಕೆದಕುವಾಗ ಕಾಣುವ ಹುಳುಗಳಲ್ಲಿ ಇವೂ ಇರುತ್ತವೆ. ನೊಣದ ಮರಿಗಳನ್ನು, ಬೆಳೆಯ ಹೇನುಗಳನ್ನು ತಿಂದು ಇವುಗಳಲ್ಲಿ ಅನೇಕವು ನಮಗೆ ಉಪಕಾರವನ್ನೇ ಮಾಡುತ್ತವೆ.

ಒಂದು ಎಚ್ಚರಿಕೆಯ ಮಾತನ್ನು ತಾಯಂದಿರಿಗೆ ಇಲ್ಲಿಯೇ ಹೇಳಿಬಿಡುತ್ತೇವೆ. ಇವುಗಳಲ್ಲಿ ಕಿತ್ತಳೆ ಮತ್ತು ಕಪ್ಪು ಬಣ್ಣದ ಪೆಡೆರಸ್ ಎಂಬ ಒಂದು ಗುಂಪಿದೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಆದರೆ ಮೈಮೇಲೆ ಕುಳಿತಾಗ ಹೊಸಕಿದರೆ ಅದರ ದೇಹದ್ರವದಲ್ಲಿರುವ ಪೆಡೆರಿನ್ ಎಂಬ ವಿಷವು ಚರ್ಮಕ್ಕೆ ತಗುಲಿ, ಒಂದೆರಡು ದಿನಗಳಲ್ಲಿ ಸುಟ್ಟಂತೆ ಕೆಂಪಾಗಿ ಬೊಬ್ಬೆ ಏಳುತ್ತದೆ. ಆದುದರಿಂದ ಅದನ್ನು ಊದಿ ಓಡಿಸಬೇಕೇ ಹೊರತು ಹೊಸಕಬಾರದು. ಅಕಸ್ಮಾತ್ ಹೊಸಕಿದರೆ ಕಣ್ಣು ಮುಟ್ಟಿಕೊಳ್ಳದೆ ಕೂಡಲೇ ಸಾಬೂನು ನೀರಿನಿಂದ ತೊಳೆಯಬೇಕು.

ಬಯಲುನಾಡಿನ ಹುಳುಗಳ ಕಥೆ ಹೀಗಾದರೆ, ಬೆಟ್ಟದ ಕಾಡುಗಳಲ್ಲಿರುವವುಗಳ ಕಥೆ ಇನ್ನೂ ಕುತೂಹಲಕರ. ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿಗಳಂತಹ ಎತ್ತರಗಳಲ್ಲಿ ಹುಲ್ಲುಗಾವಲಿನ ನಡುವೆ ಅಲ್ಲಲ್ಲಿ ಶೋಲಾ ಕಾಡುಗಳಿವೆ. ಅಲ್ಲಿನ ತರಗೆಲೆಯ ಹಾಸು ಸದಾ ತೇವ, ಸದಾ ತಂಪು. ಇಂತಹ ಎತ್ತರದ ಕಾಡುಗಳಲ್ಲಿ ಪೀಳಿಗೆಗಟ್ಟಲೆ ನೆಲೆಸಿದ ಎಷ್ಟೋ ಜೀರುಂಡೆಗಳು ಹಾರುವ ರೆಕ್ಕೆಗಳನ್ನೇ ಕಳೆದುಕೊಂಡಿರುತ್ತವೆ. ಹಾರಲಾರದ ಜೀವಿ ಕೆಳಗಿನ ಬಿಸಿಲುಕಣಿವೆಯನ್ನು ದಾಟಿ ಪಕ್ಕದ ಬೆಟ್ಟವನ್ನು ಹೇಗೆ ಸೇರೀತು? ಹೀಗಾಗಿ ಒಂದು ಬೆಟ್ಟದ ಪ್ರಭೇದ ಇನ್ನೊಂದು ಬೆಟ್ಟದಲ್ಲಿ ಇಲ್ಲದಿರಬಹುದು. ಆ ಒಂದು ಬೆಟ್ಟದ ಕಾಡು ಹೋದರೆ ಆ ಕುಲವೇ ಹೋದಂತೆ. ಕುದುರೆಮುಖದಲ್ಲಿ ಗಣಿಗಾರಿಕೆ ನಿಂತದ್ದು 2005ರ ಕೊನೆಯಲ್ಲಿ. ಪಶ್ಚಿಮ ಘಟ್ಟದ 39 ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು 2012ರಲ್ಲಿ. ಅದಕ್ಕೂ ಮೊದಲು ಎಷ್ಟು ಜೀವಗಳು ಹೆಸರು ಪಡೆಯುವ ಮೊದಲೇ ಅಳಿದವೋ ಆ ಪರಶಿವನೇ ಬಲ್ಲ.

ಹೊಸ ಪ್ರಭೇದವೊಂದಕ್ಕೆ ಹೆಸರಿಡುವುದು ಹೇಗೆ? ಸಂಶೋಧಕರು ತರಗೆಲೆಯನ್ನು ಸಾಣಿಗೆ ಹಿಡಿದು, ಉಳಿದ ಪುಡಿಯನ್ನು ಆಲಿಕೆಯಂತಹ ಪಾತ್ರೆಯಲ್ಲಿಟ್ಟು ಮೇಲೆ ದೀಪ ಉರಿಸುತ್ತಾರೆ. ಬೆಳಕಿಗೂ ಶಾಖಕ್ಕೂ ಅಂಜಿ ಕೆಳಗಿಳಿದ ಹುಳುಗಳು ಅಡಿಯಲ್ಲಿರುವ ಮದ್ಯಸಾರದ ಸೀಸೆಗೆ ಬೀಳುತ್ತವೆ. ಪ್ರತಿಯೊಂದನ್ನೂ ಚಿಕ್ಕ ರಟ್ಟಿನ ತುಂಡಿಗೆ ಅಂಟಿಸಿ, ದೊರೆತ ಸ್ಥಳ, ಎತ್ತರ, ದಿನಾಂಕ, ಸಂಗ್ರಾಹಕರ ಹೆಸರುಗಳನ್ನು ಚೀಟಿಯಲ್ಲಿ ಬರೆಯುತ್ತಾರೆ. ಬಳಿಕ ಮೊದಲಾಗುವುದು ನಿಜವಾದ ತಪಸ್ಸು. ಆ ಗುಂಪಿನಲ್ಲಿ ಈ ಹಿಂದೆ ವರ್ಣಿತವಾದ ಪ್ರತಿಯೊಂದು ಪ್ರಭೇದದೊಡನೆ ಅದನ್ನು ಹೋಲಿಸಿ ನೋಡಬೇಕು. ಹೊರನೋಟಕ್ಕೆ ಹತ್ತು ಪ್ರಭೇದಗಳು ಒಂದೇ ಬಗೆಯಾಗಿರುತ್ತವೆ. ಆಗ ಗಂಡುಹುಳದ ಹಿಂಬದಿಯಲ್ಲಡಗಿದ ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ನಿರ್ಣಯಿಸಬೇಕಾಗುತ್ತದೆ. ಹೊಸದೆಂದು ಖಚಿತವಾದರೆ ಅಳತೆ, ಚಿತ್ರ, ವರ್ಣನೆಗಳೊಡನೆ ಎರಡು ಪದಗಳ ಹೆಸರಿಟ್ಟು ಪ್ರಕಟಿಸುತ್ತಾರೆ. ಆ ಹೆಸರಿಗೆ ಶಾಶ್ವತ ಸಾಕ್ಷಿಯಾಗಿ ಒಂದೇ ಒಂದು ಮಾದರಿಯನ್ನು ಗುರುತಿಸಿ ಸಂಗ್ರಹಾಲಯದಲ್ಲಿ ಕಾಪಿಡುತ್ತಾರೆ. ಪ್ರಾಣಿಗಳ ಹೆಸರಿನ ಈ ಲೆಕ್ಕ ಆರಂಭವಾಗುವುದು ಲಿನ್ನೇಯಸನ 1758ರ ಗ್ರಂಥದಿಂದ.

ಇದನ್ನು ಓದುವಾಗ ನಮ್ಮ ಊರಿನವರೇ ಆಗಿ ಬಾಳಿದ ಡಾ. ಫ. ಗು. ಹಳಕಟ್ಟಿಯವರ ನೆನಪು ನಮಗೆ ಬಂದರೆ ಅದು ಸಹಜ. ಓಲೆಗರಿಯ ಕಟ್ಟುಗಳನ್ನು ಹುಡುಕಿ ಊರೂರು ಅಲೆದು, ಪ್ರತಿಗಳನ್ನು ಹೋಲಿಸಿ, ವಚನದ ಕೊನೆಯಲ್ಲಿರುವ ಅಂಕಿತದಿಂದ ಅದು ಯಾವ ಶರಣರದೆಂದು ನಿರ್ಣಯಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದವರು ಅವರು. ಅದಕ್ಕೆ ಮುನ್ನ ಹೆಸರು ತಿಳಿದಿದ್ದ ವಚನಕಾರರು ಐವತ್ತರಷ್ಟು. ಅವರ ದುಡಿಮೆಯಿಂದ ಇನ್ನೂರೈವತ್ತಕ್ಕೂ ಮಿಕ್ಕಿ ಶರಣರ ಹೆಸರು ಬೆಳಕಿಗೆ ಬಂದಿತು. ಶರಣರ ವಾಣಿಯನ್ನು ಹುಳುವಿಗೆ ಹೋಲಿಸುವ ಉದ್ಧಟತನ ನಮ್ಮದಲ್ಲ. ನಾವು ಹೋಲಿಸುವುದು ಕಾಯಕದ ರೀತಿಯನ್ನು. ಹುಡುಕುವುದು, ಹೋಲಿಸುವುದು, ಅಂಕಿತವನ್ನು ಗುರುತಿಸುವುದು, ಅಳಿಯದಂತೆ ಅಚ್ಚುಹಾಕಿಸುವುದು, ಇಷ್ಟೂ ಎರಡಕ್ಕೂ ಸಮಾನ. ಓಲೆಗರಿ ಗೆದ್ದಲಿಗೆ ತುತ್ತಾಗುವ ಮೊದಲು ಓದುವವನೊಬ್ಬ ಬೇಕಿತ್ತು. ಕಾಡು ಕೊಡಲಿಗೆ ತುತ್ತಾಗುವ ಮೊದಲೂ ಓದುವವನೊಬ್ಬ ಬೇಕು.

ಭಾರತದ ಮೋಟುರೆಕ್ಕೆಯ ಜೀರುಂಡೆಗಳನ್ನು ಹೀಗೆ ಓದಿದವರಲ್ಲಿ ಮಾಲ್ಕಮ್ ಕ್ಯಾಮರಾನ್ ಮುಖ್ಯರು. ಬ್ರಿಟಿಷ್ ನೌಕಾಪಡೆಯ ವೈದ್ಯರಾಗಿದ್ದ ಅವರು 1930ರಿಂದ 1939ರವರೆಗೆ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಇವುಗಳ ಸಂಪುಟಗಳನ್ನು ಬರೆದರು. ಇಂದಿಗೂ ಈ ವಿಷಯವನ್ನು ಕೈಗೊಳ್ಳುವವರು ಅಲ್ಲಿಂದಲೇ ಆರಂಭಿಸಬೇಕು. ಅವರ ಸಂಗ್ರಹವು 1955ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ನಮ್ಮ ಬೆಟ್ಟದ ಹುಳುವನ್ನು ಗುರುತಿಸಲು ಲಂಡನ್ನಿನ ಪೆಟ್ಟಿಗೆಯನ್ನು ತೆರೆಯಬೇಕಾದ ಪರಿಸ್ಥಿತಿ ಹೀಗೆ ಒದಗಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದವನ್ನು ಕಂಡವರು ಅದರ ಮಾದರಿಯನ್ನು ದೇಶದ ಗೊತ್ತುಪಡಿಸಿದ ಸಂಸ್ಥೆಯಲ್ಲಿ ಇಡಬೇಕು. ಇದು ನ್ಯಾಯವೇ. ಆದರೆ ಇಂತಹ ನಿಯಮಗಳ ಬಿಗಿಯಿಂದ ಮಾದರಿಗಳ ವಿನಿಮಯ ಕುಂಠಿತವಾಗಿ ಅಧ್ಯಯನವೇ ಸೊರಗುತ್ತಿದೆಯೆಂದು 2018ರಲ್ಲಿ ಕೆ. ಡಿ. ಪ್ರತಾಪನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಎಚ್ಚರಿಸಿದರು. ಆ ಲೇಖನಕ್ಕೆ ಅನೇಕ ದೇಶಗಳ ವಿಜ್ಞಾನಿಗಳು ಸಹಿ ಹಾಕಿದ್ದರು.

ಇಲ್ಲಿ ನಮ್ಮ ಓದುಗರು ಒಂದು ಪ್ರಶ್ನೆಯನ್ನು ಕೇಳದೆ ಇರಲಾರರು. ಸಕಲ ಜೀವಿಗಳಲ್ಲಿ ದಯೆಯಿರಲೆಂಬ ಮಾರ್ಗದವರು ನಾವು. ಹೆಸರಿಡುವುದಕ್ಕಾಗಿ ಜೀವವನ್ನು ಕೊಲ್ಲುವುದು ಸರಿಯೇ? ಪ್ರಶ್ನೆ ಹಗುರವಾದುದಲ್ಲ, ವಿದ್ಯೆಯ ಹೆಸರಿನಲ್ಲಿ ಅದನ್ನು ತಳ್ಳಿಹಾಕುವುದೂ ತರವಲ್ಲ. ಬೇಕಾದುದಕ್ಕಿಂತ ಒಂದನ್ನು ಹೆಚ್ಚಾಗಿ ಹಿಡಿದರೂ ಅದು ಹಿಂಸೆಯೇ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ರಸ್ತೆಗೋ ಗಣಿಗೋ ಅಣೆಕಟ್ಟಿಗೋ ಒಂದು ಕಾಡನ್ನು ಕಡಿಯುವಾಗ ಅಲ್ಲಿ ಏನೇನು ಅಳಿಯುತ್ತದೆಂಬ ಪಟ್ಟಿ ಮಾಡುತ್ತಾರೆ. ಹೆಸರಿಲ್ಲದ ಜೀವ ಆ ಪಟ್ಟಿಗೆ ಬರುವುದೇ ಇಲ್ಲ. ಅಳಿವಿನಂಚಿನ ಜೀವಿಗಳ ಯಾದಿಗೆ ಸೇರಬೇಕಾದರೂ ಮೊದಲು ಹೆಸರು ಬೇಕು. ಸಂಗ್ರಹಾಲಯದ ಕೆಲವು ಹುಳುಗಳು ಬೆಟ್ಟದಲ್ಲಿರುವ ತಮ್ಮ ಕುಲಕ್ಕೆಲ್ಲ ಸಾಕ್ಷಿ ನುಡಿಯುತ್ತವೆ. ಈ ತೂಕವನ್ನು ಮನಸ್ಸಿನಲ್ಲಿಟ್ಟುಕೊಂಡು ದುಡಿಯುವ ಸಂಶೋಧಕನನ್ನು ನಾವು ನಿರ್ದಯನೆಂದು ಕರೆಯಲಾರೆವು.

ಈ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದು ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತಿನ ಗೌರವಕ್ಕೆ ಪಾತ್ರರಾದ ಡಾ. ಸಿ. ಎ. ವಿರಕ್ತಮಠ ಅವರ ನಿದರ್ಶನ ಕಣ್ಣಮುಂದಿದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿಯೂ ಏಟ್ರೀ ಸಂಸ್ಥೆಯಲ್ಲಿಯೂ ಕೀಟಗಳ ಸಂಗ್ರಹಗಳಿವೆ. ಕೊರತೆಯಿರುವುದು ಮನೆಗಳಲ್ಲಿ. ಮಗ ಎಂಜಿನಿಯರನೋ ಮಗಳು ವೈದ್ಯಳೋ ಆಗಲೆಂದು ಹಾರೈಸುವ ನಾವು, ಹುಳುವಿನ ಮುಂದೆ ಗಂಟೆಗಟ್ಟಲೆ ಕುಳಿತ ಕೂಸನ್ನು ಗದರಿಸಿ ಪಾಠಕ್ಕೆ ಎಬ್ಬಿಸುತ್ತೇವೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಭೆಯಲ್ಲಿ ನುಡಿಯುವವರು ಮನೆಯಲ್ಲಿ ಅದನ್ನು ಮರೆಯಬಾರದು. ಅಂತಹ ಕೂಸಿಗೆ ಒಂದು ಭೂತಗನ್ನಡಿ, ಒಂದು ಪುಸ್ತಕ, ದೀಪದ ಕೆಳಗಿನ ಹುಳುವನ್ನು ಕೊಲ್ಲದೆ ನೋಡಿ ಬರೆದಿಡುವ ಅಭ್ಯಾಸ, ಇಷ್ಟನ್ನು ಒದಗಿಸಿದರೆ ಸಾಕು. ನಾಡಿನ ಯಾವುದೋ ಬೆಟ್ಟದ ತರಗೆಲೆಯಡಿ ಹೆಸರಿಗಾಗಿ ಕಾದಿರುವ ಜೀವಕ್ಕೆ ಮುಂದೊಂದು ದಿನ ನಮ್ಮ ಮನೆಯ ಕೂಸೇ ಹೆಸರಿಡುವಂತಾಗಲಿ ಎಂದು ಹಾರೈಸುತ್ತೇವೆ.