ಯೂನಿಫಾರ್ಮ್ ಒಳಗಿನ ಬೇಸಿಗೆ

ಕಲಬುರಗಿಯ ಮೇ ತಿಂಗಳು, ಹೊರಗೆ 42 ಡಿಗ್ರಿ. ಆಂಬುಲೆನ್ಸ್‌ನಲ್ಲಿ ಇಎಂಟಿ ನಾನು, ದಪ್ಪ ಯೂನಿಫಾರ್ಮ್ ಬಿಚ್ಚಿಡೋ ಹಾಗಿಲ್ಲ. ಹೋದ ವರ್ಷ ಮೂರನೇ ಮಹಡಿಯಿಂದ ಸ್ಟ್ರೆಚರ್ ಇಳಿಸುವಾಗ ಕಣ್ಣು ಕತ್ತಲೆ ಬಂತು. ಪೈಲಟ್ ಅಣ್ಣ ತಟ್ಟನೆ ಹಿಡಿದರು, ಇಲ್ಲಾಂದ್ರೆ ಪೇಷಂಟ್ ಮೆಟ್ಟಿಲ ಮೇಲೆ ಬೀಳ್ತಿದ್ರು.

ಆಮೇಲೆ ಒಳಗೆ ತೆಳು ಹತ್ತಿ ಬನಿಯನ್ ಹಾಕೋಕೆ ಶುರು ಮಾಡಿದೆ. ಹತ್ತಿ ಬೆವರು ಹೀರಿ ನಿಧಾನ ಆರುತ್ತೆ. ನಮ್ಮ ಒಣ ಬಿಸಿಲಿಗೆ ಆ ತೇವವೇ ತಂಪು. ಮಂಗಳೂರಿನ ಗೆಳತಿಗೆ ಇದು ಆಗಲ್ಲ. ಅಲ್ಲಿ ಒದ್ದೆಯಾದದ್ದು ಒದ್ದೆಯಾಗೇ ಇರುತ್ತೆ, ಅವಳದು ಬೇಗ ಒಣಗೋ ಸ್ಪೋರ್ಟ್ಸ್ ಟೀಶರ್ಟ್.

ಬೇವಿನ ನೆರಳಲ್ಲಿ ಗಾಡಿ, ಕುತ್ತಿಗೆಗೆ ಒದ್ದೆ ಟವೆಲ್, ಒಂದು ಲೀಟರ್ ನೀರಿಗೆ ಪೂರ್ತಿ ಒಂದು ಓಆರ್‌ಎಸ್ ಪ್ಯಾಕೆಟ್. ಗ್ಲೌಸ್ ಒಳಗಿನ ಬೆವರಿಗೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ. ಗೊತ್ತಿದ್ರೆ ಬರೀರಿ.