ಯುಕೆಜಿ ಮುಗಿದ ಮೇಲೂ ಮಾಂಟೆಸ್ಸರಿ ಫೀಸು ಯಾಕೆ?

ಮೇ ತಿಂಗಳು ಬಂತೆಂದರೆ ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡ್ ಸುತ್ತ ಶಾಲೆಗಳ ಫ್ಲೆಕ್ಸುಗಳು ಏಳುತ್ತವೆ. ಒಂದರಿಂದ ಏಳನೇ ತರಗತಿವರೆಗೆ ಮಾಂಟೆಸ್ಸರಿ ಪದ್ಧತಿ, ವ್ಯಾನ್ ಸೌಲಭ್ಯವಿದೆ. ಆ ಫೀಸಿಗೆ ಡೇರಿ ಬಿಲ್ಲು ಹೋಗುತ್ತದೆ, ಸಂಘದ ಸಾಲ ಹೋಗುತ್ತದೆ, ಕೆಲವು ಮನೆಗಳಲ್ಲಿ ಅಮ್ಮನ ಸರವೂ ಅಡವಿಗೆ ಹೋಗುತ್ತದೆ. ಅಂಗನವಾಡಿ ವಯಸ್ಸಿನ ಮಗುವಿಗೆ ಖರ್ಚು ಮಾಡುವವರ ಜೊತೆ ನಮಗೆ ಜಗಳವಿಲ್ಲ. ಒಂದನೇ ತರಗತಿಯಿಂದಾಚೆಗೂ ಅದೇ ಹೆಸರಿಗೆ ದುಡ್ಡು ಸುರಿಯುವುದು ಶುದ್ಧ ದಂಡ ಎಂಬುದು ನಮ್ಮ ವಾದ.

ಬೋರ್ಡಿನ ಮೇಲೆ ಮಾಂಟೆಸ್ಸರಿ ಎಂದು ಬರೆಸಲು ಪೇಂಟರ್ ಸಾಕು. ಪದ್ಧತಿ ನಡೆಸುವುದು ಬೇರೆ ಮಾತು. ಆರರಿಂದ ಒಂಬತ್ತು ವರ್ಷದವರು ಒಂದೇ ಕೋಣೆಯಲ್ಲಿರಬೇಕು. ಗಂಟೆ ಬಾರಿಸಿ ಎಬ್ಬಿಸದೆ ಎರಡು ಮೂರು ತಾಸು ಮಗು ತಾನೇ ಆರಿಸಿಕೊಂಡ ಕೆಲಸದಲ್ಲಿ ಮುಳುಗಿರಲು ಬಿಡಬೇಕು. ಅಂಕ, ರ‍್ಯಾಂಕ್ ಇರಬಾರದು. ಈ ವಯಸ್ಸಿನವರಿಗೆ ಕಲಿಸಲು ಶಿಕ್ಷಕರಿಗೆ ಪ್ರತ್ಯೇಕ ತರಬೇತಿಯೇ ಇದೆ. ಬೆಂಗಳೂರಿನಲ್ಲಿ ಹೀಗೆ ನಡೆಸುವವರು ಇದ್ದಾರೆ, ಅವರ ಮಾತು ಇಲ್ಲಿ ಬೇಡ. ನಾವು ನೋಡಿದ ಸಣ್ಣ ಊರುಗಳ ಶಾಲೆಗಳಲ್ಲಿ ಒಂದನೇ ತರಗತಿಗೇ ನಲವತ್ತು ನಿಮಿಷದ ಪೀರಿಯಡ್ಡು, ಡೈರಿ ತುಂಬ ಹೋಂವರ್ಕು, ತಿಂಗಳಿಗೊಂದು ಟೆಸ್ಟು. ಬಣ್ಣದ ಮಣಿ, ಮರದ ದಿಮ್ಮಿಗಳು ಆಫೀಸ್ ರೂಮಿನ ಗಾಜಿನ ಬೀರುವಿನಲ್ಲಿ, ಬೀಗದ ಹಿಂದೆ. ಅಡ್ಮಿಷನ್ ದಿನ ಪಾಲಕರು ನೋಡಲಿ ಅಂತ!

ಮಾರಿಯಾ ಮಾಂಟೆಸ್ಸರಿ 1907ರಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ಕೂಲಿಕಾರರ ಮಕ್ಕಳಿಗಾಗಿ. 1939ರಲ್ಲಿ ಭಾರತಕ್ಕೆ ಬಂದ ಆಕೆ ಯುದ್ಧದ ಕಾರಣಕ್ಕೆ ಇಲ್ಲೇ ಉಳಿಯಬೇಕಾಯಿತು. ಆರು ವರ್ಷ ದಾಟಿದ ಮಕ್ಕಳ ಕಲಿಕೆಯ ಬಗ್ಗೆ ಬಹಳಷ್ಟು ಕೆಲಸ ಮಾಡಿದ್ದು ಕೊಡೈಕೆನಾಲ್‌ನಲ್ಲಿ. ಅದೇ ಹೆಸರು ಇವತ್ತು ಬಡವರ ಸರ ಬಿಚ್ಚಿಸುತ್ತಿದೆ.

ಇನ್ನು ನಮ್ಮೂರ ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಬನ್ನಿ. ರಿಷಿವ್ಯಾಲಿಯ ಪ್ರಯೋಗ ನೋಡಿಬಂದ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರಲ್ಲಿ ಶುರು ಮಾಡಿದ್ದು ಅದು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ, ಬರೆದದ್ದನ್ನು ತಲೆಮೇಲಿನ ಚಪ್ಪರಕ್ಕೆ ಕಟ್ಟುತ್ತಾರೆ. ಇದು ಮಾಂಟೆಸ್ಸರಿ ಅಲ್ಲ. ಆದರೆ ಫ್ಲೆಕ್ಸಿನ ಮಾಂಟೆಸ್ಸರಿಗಿಂತ ಅದಕ್ಕೆ ಹತ್ತಿರದ ನೆಂಟ, ಅದೂ ಪುಕ್ಕಟೆ. ಕೊರತೆಗಳಿಲ್ಲವೆಂದಲ್ಲ. ಎಷ್ಟೋ ಕಡೆ ಕಾರ್ಡು ಹರಿದಿವೆ, ಒಬ್ಬರೇ ಟೀಚರು, ಅವರಿಗೂ ಗಣತಿ, ಚುನಾವಣೆ ಡ್ಯೂಟಿ. ಮಕ್ಕಳ ಸಂಖ್ಯೆ ಇಳಿದಂತೆ ಹುದ್ದೆಯೂ ಹೋಗುತ್ತದೆ. ವ್ಯಾನ್ ಹತ್ತಿಸಿ ಸಂಖ್ಯೆ ಇಳಿಸುತ್ತಿರುವವರು ಯಾರು?

"ನಮಗೆ ಬೇಕಿರೋದು ಇಂಗ್ಲಿಷ್ ಕಣ್ರೀ" ಅನ್ನುತ್ತೀರಿ. ಸರಿ, ಅದು ಪ್ರಾಮಾಣಿಕ ಮಾತು. ಹಾಗಾದರೆ ಇಂಗ್ಲಿಷನ್ನೇ ಕೇಳಿ. 2019ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. ಅದು ಸರಿಯೋ ತಪ್ಪೋ ಎಂದು ನಮ್ಮ ನಮ್ಮಲ್ಲೇ ಜಗಳವಿದೆ. ಆದರೆ ಇಂಗ್ಲಿಷ್ ಬೇಕೆಂದು ಮಾಂಟೆಸ್ಸರಿಗೆ ದುಡ್ಡು ಕೊಡುವುದು ಎಮ್ಮೆ ಬೇಕೆಂದು ಗಂಟೆಗೆ ರೇಟು ಕಟ್ಟಿದ ಹಾಗೆ.

ಈ ಸಲ ಫೀಸು ಕಟ್ಟುವ ಮೊದಲು, ಶಾಲೆ ಶುರುವಾದ ಮೇಲೆ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೇಳದೆ ಹೋಗಿ ಮೂರನೇ ತರಗತಿಯ ಬಾಗಿಲಲ್ಲಿ ನಿಲ್ಲಿ. ಒಳಗೆ ಬಿಡದಿದ್ದರೆ ಅಲ್ಲಿಂದ ನೇರ ಊರಿನ ಎಸ್‌ಡಿಎಂಸಿ ಅಧ್ಯಕ್ಷರ ಮನೆಗೆ ಬನ್ನಿ. ನಲಿಕಲಿಗೆ ಇನ್ನೊಬ್ಬ ಟೀಚರು ಕೊಡಿ ಎಂದು ಬಿಇಒಗೆ ಬರೆಯುವ ಅರ್ಜಿಗೆ ಸಹಿಗಳು ಬೇಕಿವೆ.