ಬೆಲೆ ಕೇಳದವನಿಗೇ ಮೊದಲ ಸೀಟು



ಸಾಲಗಾರ ರೈತನ ಪಾಡು ನಿಮಗೆ ಗೊತ್ತು. ಪೈರು ಹೊಲದಲ್ಲಿರುವಾಗಲೇ ಮಂಡಿಯವನಿಂದ ಮುಂಗಡ ತಗೊಂಡು ಮಾತು ಕೊಟ್ಟಿರುತ್ತಾನೆ. ಸುಗ್ಗಿಯಲ್ಲಿ ಪಕ್ಕದ ಮಂಡಿಯ ಧಾರಣೆ ಏರಿದರೂ ಮಾಲು ಅಲ್ಲಿಗೆ ಒಯ್ಯುವಂತಿಲ್ಲ. ಬೆಲೆ ತಿಳಿಯೋ ಮೊದಲೇ ಮಾತು ಕಟ್ಟಿಸಿಕೊಳ್ಳುವ ಈ ಆಟ ಅಮೆರಿಕದ ವಿಶ್ವವಿದ್ಯಾಲಯಗಳಲ್ಲೂ ಇದೆ. ಅಲ್ಲಿ ಅದರ ಹೆಸರು ‘ಅರ್ಲಿ ಡಿಸಿಷನ್’, ಅಂದರೆ ಮುಂಗಡ ತೀರ್ಮಾನ.

ನವೆಂಬರ್ ಹೊತ್ತಿಗೆ ವಿದ್ಯಾರ್ಥಿ ಒಂದು ಕಾಲೇಜನ್ನು ಆರಿಸಿ, ‘ಸೀಟು ಕೊಟ್ಟರೆ ನಿಮ್ಮಲ್ಲೇ ಸೇರುತ್ತೇನೆ’ ಎಂದು ಬರೆದುಕೊಡಬೇಕು. ಹೆತ್ತವರೂ ರುಜು ಹಾಕಬೇಕು. ಡಿಸೆಂಬರಿನಲ್ಲಿ ಸೀಟು ಸಿಕ್ಕರೆ ಬೇರೆ ಅರ್ಜಿಗಳನ್ನೆಲ್ಲ ವಾಪಸು ಪಡೆಯಬೇಕು. ಮಾಮೂಲು ದಾರಿಯಲ್ಲಿ ಬಂದವರಿಗೋ, ಏಪ್ರಿಲ್ ವೇಳೆಗೆ ನಾಲ್ಕು ಕಡೆಯಿಂದ ಪತ್ರ ಬರುತ್ತದೆ: ಇಲ್ಲಿ ಇಷ್ಟು ಧನಸಹಾಯ, ಅಲ್ಲಿ ಇಷ್ಟು ಸಾಲ. ತೂಗಿ ನೋಡಿ ಮೇ 1ರೊಳಗೆ ಆರಿಸಬಹುದು. ಮುಂಗಡ ಬರೆದುಕೊಟ್ಟವರ ಕೈಯಲ್ಲಿ ಆ ತಕ್ಕಡಿಯೇ ಇಲ್ಲ.

‘ಧನಸಹಾಯ ಸಾಲದಿದ್ದರೆ ಬಿಟ್ಟು ಹೋಗಬಹುದಲ್ಲ’ ಅಂತಾರೆ ಬಲ್ಲವರು. ಹೌದು ಸ್ವಾಮಿ, ಅಂಥ ಷರತ್ತಿದೆ. ಆದರೆ ಬೇರೆಯವರು ಎಷ್ಟು ಕೊಡುತ್ತಿದ್ದರು ಅಂತ ತಿಳಿಯದವನು ಯಾವ ಧೈರ್ಯದ ಮೇಲೆ ಬಿಟ್ಟಾನು? ಹಾಗಾಗಿ ಬಡವರ ಮಕ್ಕಳು ಈ ಸಾಲಿಗೆ ಬರಲು ಹಿಂಜರಿಯುತ್ತಾರೆ. ಬೆಲೆ ಕೇಳದೆ ಕೊಳ್ಳುವ ತಾಕತ್ತುಳ್ಳವರ ಮಕ್ಕಳಿಗೆ ಮೊದಲ ಪಂಕ್ತಿ. ಉಳಿದ ಸೀಟಿಗೆ ಮಿಕ್ಕವರ ನೂಕುನುಗ್ಗಲು!

ಖಾಸಗಿಯವರು ಮಾಡಿದರೆ ವ್ಯಾಪಾರ ಅನ್ನೋಣ. ಜನರ ತೆರಿಗೆ ಪಡೆಯುವ ಸರ್ಕಾರಿ ವಿಶ್ವವಿದ್ಯಾಲಯ ಮಾಡಬಹುದೇ? ವರ್ಜೀನಿಯಾ ವಿಶ್ವವಿದ್ಯಾಲಯವು ಇದು ಬಡವರಿಗೆ ಅಡ್ಡಿಯೆಂದು ಒಪ್ಪಿ, ಕೈಬಿಡುವುದಾಗಿ 2006ರಲ್ಲಿ ಸಾರಿತು. 2019ರಲ್ಲಿ ಅದನ್ನೇ ಮತ್ತೆ ತಂದಿತು. ಈ ನಡುವೆ ಬಡವರು ಸಾಹುಕಾರರಾಗಿಬಿಟ್ಟರೇ?

ಅದೇ ರಾಜ್ಯದ ವರ್ಜೀನಿಯಾ ಟೆಕ್ ಹುಟ್ಟಿದ್ದು 1872ರಲ್ಲಿ. ಸರ್ಕಾರಿ ಭೂಮಿಯ ಹಣದಿಂದ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸಲು ಮಾಡಿದ 1862ರ ಮೊರಿಲ್ ಕಾಯ್ದೆಯ ಕೂಸು ಅದು. ಅದೂ ಇದೇ ಚಾಳಿ ಹಿಡಿದಿತ್ತು. 2023ರಲ್ಲಿ ಕೈಬಿಡುವುದಾಗಿ ಹೇಳಿತು. ಮನಸ್ಸಿದ್ದರೆ ಬಿಡಬಹುದು ಅಂತಾಯಿತಲ್ಲ!

1964ರಲ್ಲಿ ಆರಂಭವಾದ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೂ ಮಾದರಿ ಆ ಕಾಯ್ದೆಯ ಕಾಲೇಜುಗಳೇ. ಅವರ ಒಳ್ಳೆಯದನ್ನು ತಂದೆವು, ಈ ಚಾಳಿ ಬೇಡ. ಸರ್ಕಾರಿ ಸೀಟು ಹಂಚಿಕೆಗೆ ಮೊದಲೇ ಮುಂಗಡ ಕಟ್ಟಿಸಿಕೊಳ್ಳುವ ಕಾಲೇಜುಗಳು ನಮ್ಮಲ್ಲೂ ಇವೆ. ಮಗಳ ಓದಿಗೆಂದು ಕೈಗಡ ತಂದು ಕಟ್ಟುವ ಮೊದಲು ಎದುರು ನಿಂತು ಕೇಳಿ: ‘ಒಟ್ಟು ಎಷ್ಟಾಗುತ್ತೆ, ಬರೆದುಕೊಡಿ.’

ನಮ್ಮ ಬೆಳೆಗೆ ಬೆಲೆ ಕೇಳಲು ಬೀದಿಗಿಳಿದವರು ನಾವು. ನಮ್ಮ ಮಕ್ಕಳ ಓದಿನ ಬೆಲೆ ಕೇಳಲು ನಾಚಿಕೆ ಯಾಕೆ?